ಇಪ್ಪತ್ತೊಂದು ದಿನಗಳ ಇಪ್ಪತ್ತು ವರ್ಷ

ಅಲೆಕ್ಸಾಂಡರ್ ಒವೆಚ್ಕಿನ್ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡಕ್ಕೆ ಮೊದಲ ಪಂದ್ಯ ಆಡಿದ್ದು 2005ರ ಅಕ್ಟೋಬರ್ 5ರಂದು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವನೆಂಬ ದಾಖಲೆ ಬರೆದದ್ದು 2025ರ ಏಪ್ರಿಲ್ 6ರಂದು. ನಡುವೆ ಹತ್ತೊಂಬತ್ತೂವರೆ ವರ್ಷ, 1,487 ಲೀಗ್ ಪಂದ್ಯ, 895 ಗೋಲು.

ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟರೆ ಯಾರೂ ಪಂದ್ಯದ ಅರವತ್ತು ನಿಮಿಷವೂ ಕಣದಲ್ಲಿರುವುದಿಲ್ಲ. ಮುಕ್ಕಾಲು ನಿಮಿಷ ಜೀವ ಬಿಟ್ಟು ಸ್ಕೇಟ್ ಮಾಡುವುದು, ಏದುಸಿರು ಬಿಡುತ್ತ ಬೆಂಚಿಗೆ ಬಂದು ಕೂರುವುದು, ಉಸಿರು ಹದಕ್ಕೆ ಬಂದೊಡನೆ ಮತ್ತೆ ಇಳಿಯುವುದು. ಅತ್ಯುತ್ತಮ ಫಾರ್ವರ್ಡ್ ಆಟಗಾರನಿಗೂ ಒಂದು ಪಂದ್ಯದಲ್ಲಿ ಸಿಗುವುದು ಹೆಚ್ಚುಕಮ್ಮಿ ಇಪ್ಪತ್ತು ನಿಮಿಷ. ಈಗ ಗುಣಿಸಿ ನೋಡಿ. 1,487 ಪಂದ್ಯ, ತಲಾ 20 ನಿಮಿಷ: 29,740 ನಿಮಿಷ. ಗಂಟೆ ಲೆಕ್ಕದಲ್ಲಿ ಸುಮಾರು 496. ದಿನದ ಲೆಕ್ಕದಲ್ಲಿ ಇಪ್ಪತ್ತೊಂದಕ್ಕೂ ತುಸು ಕಡಿಮೆ.

ಇಪ್ಪತ್ತರ ಹುಡುಗ ತಲೆ ನರೆತ ಮೂವತ್ತೊಂಬತ್ತರ ಗಂಡಸಾಗುವವರೆಗೆ ಸಾಗಿದ ವೃತ್ತಿಯಲ್ಲಿ ಆತ ಲೀಗ್ ಪಂದ್ಯದ ಗಡಿಯಾರ ಓಡುತ್ತಿದ್ದಾಗ ಮಂಜುಗಡ್ಡೆಯ ಮೇಲೆ ಇದ್ದದ್ದು ಮೂರು ವಾರ. ಆ ಮೂರು ವಾರದಲ್ಲಿ ಸರಾಸರಿ ಮೂವತ್ಮೂರು ನಿಮಿಷಕ್ಕೊಂದು ಗೋಲು. ಪ್ಲೇ ಆಫ್ ಗೋಲುಗಳು ಇದರಲ್ಲಿ ಸೇರಿಲ್ಲ. ಎನ್‌ಎಚ್‌ಎಲ್ ಅವನ್ನು ಬೇರೆ ಖಾತೆಯಲ್ಲಿ ಬರೆಯುತ್ತದೆ.

ಹಾಕಿ ಎಂದರೆ ನಮಗೆ ನೆನಪಾಗುವುದು ಕೊಡಗು. ಅಲ್ಲಿ 1997ರಿಂದ ಕೊಡವ ಮನೆತನಗಳ ನಡುವೆ ಪಂದ್ಯಾವಳಿ ನಡೆಯುತ್ತಿದೆ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ ಆಡಿದ ಕುಟುಂಬ ತಂಡಗಳೇ 360. ಎನ್‌ಎಚ್‌ಎಲ್‌ನಲ್ಲಿರುವುದು ಅಮೆರಿಕ, ಕೆನಡಾ ಎರಡೂ ಸೇರಿ 32 ತಂಡ. ಒಂದು ಪಂದ್ಯಕ್ಕೆ ಸಮವಸ್ತ್ರ ತೊಡುವವರು ತಂಡಕ್ಕೆ ಇಪ್ಪತ್ತು ಮಂದಿ. ಅಂದರೆ ಯಾವುದೇ ಕಾಲಕ್ಕೆ ಈ ಆಟದ ಅತ್ಯುನ್ನತ ಮೆಟ್ಟಿಲಲ್ಲಿ ಇಡೀ ಜಗತ್ತಿಗೆ ಇರುವ ಜಾಗ 640. 1917ರಲ್ಲಿ ಲೀಗ್ ಶುರುವಾದ ಮೇಲೆ ಒಂದಾದರೂ ಪಂದ್ಯ ಆಡಿದವರೆಲ್ಲರನ್ನು ಎಣಿಸಿದರೂ ಹತ್ತು ಸಾವಿರ ಮುಟ್ಟುವುದಿಲ್ಲ. ಅವರಲ್ಲಿ 800 ಗೋಲು ದಾಟಿದವರು ಮೂವರು: ಗಾರ್ಡಿ ಹೌ 801, ವೇಯ್ನ್ ಗ್ರೆಟ್ಸ್‌ಕಿ 894, ಮೂರನೆಯವನು ಈತ.

ಗೋಲು ಹೊಡೆಯುವುದು ಎಷ್ಟು ಕಷ್ಟ ಎಂಬುದಕ್ಕೂ ಅಳತೆಗಳಿವೆ. ಗೋಲಿನ ಚೌಕಟ್ಟು ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಅದರ ಮುಂದೆ ತಲೆಯಿಂದ ಕಾಲಿನವರೆಗೆ ದಪ್ಪ ಪ್ಯಾಡು ಕಟ್ಟಿಕೊಂಡ, ಹಲವೊಮ್ಮೆ ಆರಡಿ ಮೀರಿದ ಗೋಲ್‌ಕೀಪರ್ ಮಂಡಿಯೂರಿ ಕೂತಿರುತ್ತಾನೆ. ಉಳಿಯುವುದು ಭುಜದ ಮೇಲೊಂದು ಸಂದು, ಕಂಕುಳ ಕೆಳಗೊಂದು, ಕಾಲುಗಳ ನಡುವೆ ಒಂದು. ಅದರಲ್ಲಿ ತೂರಬೇಕಾದ ಪಕ್ ಮೂರು ಅಂಗುಲ ಅಡ್ಡಗಲದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯದಿರಲೆಂದು ಪಂದ್ಯಕ್ಕೆ ಮುಂಚೆ ಅದನ್ನು ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ. ತೂಕ 156ರಿಂದ 170 ಗ್ರಾಂ, ಕ್ರಿಕೆಟ್ ಚೆಂಡಿನಷ್ಟೇ.

ವೇಗ? ಕ್ರಿಕೆಟ್‌ನಲ್ಲಿ ದಾಖಲಾದ ಅತಿ ವೇಗದ ಎಸೆತ 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಹಾಕಿದ್ದು, ಗಂಟೆಗೆ 161.3 ಕಿಲೋಮೀಟರ್. 2018ರ ಆಲ್ ಸ್ಟಾರ್ ಸ್ಪರ್ಧೆಯಲ್ಲಿ ಒವೆಚ್ಕಿನ್ ಹೊಡೆದ ಪಕ್ ಗಂಟೆಗೆ 163 ಕಿಲೋಮೀಟರ್ ವೇಗದಲ್ಲಿ ಹೋಯಿತು. ಶೋಯೆಬನ ಚೆಂಡು ಬ್ಯಾಟ್ಸ್‌ಮನ್‌ನನ್ನು ತಲುಪಲು ಹದಿನೇಳು ಹದಿನೆಂಟು ಮೀಟರ್ ಸಾಗಬೇಕು. ಒವೆಚ್ಕಿನ್ ಹೊಡೆಯುವುದು ಬಹಳ ಸಲ ಮೂವತ್ತೈದು ಅಡಿಯಿಂದ, ಅಂದರೆ ಹನ್ನೊಂದು ಮೀಟರೂ ಇಲ್ಲದ ದೂರದಿಂದ. ಆ ವೇಗದಲ್ಲಿ ಪಕ್ ಅಷ್ಟು ದೂರ ಸಾಗಲು ತೆಗೆದುಕೊಳ್ಳುವ ಸಮಯ ಒಂದು ಸೆಕೆಂಡಿನ ಕಾಲುಭಾಗಕ್ಕೂ ಕಡಿಮೆ. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಬೇಕಾಗುವುದೇ ಒಂದು ಸೆಕೆಂಡಿನ ಐದನೇ ಒಂದು ಭಾಗ. ಗೋಲ್‌ಕೀಪರನಿಗೆ ಉಳಿಯುವುದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು.

ಒವೆಚ್ಕಿನ್ ಎಲ್ಲಿಂದ ಹೊಡೆಯುತ್ತಾನೆ ಎಂಬುದು ಗುಟ್ಟೇನಲ್ಲ. ಎದುರಾಳಿ ತಂಡದ ಒಬ್ಬ ತಪ್ಪೆಸಗಿ ಎರಡು ನಿಮಿಷ ಹೊರಗೆ ಕೂತಾಗ ಸಿಗುವ ಪವರ್ ಪ್ಲೇಯಲ್ಲಿ, ಎಡಗಡೆಯ ವೃತ್ತದ ಬಳಿ ಆತ ನಿಂತುಬಿಡುತ್ತಾನೆ. ಅಮೆರಿಕದ ಕ್ರೀಡಾ ವರದಿಗಾರರು ಆ ಜಾಗವನ್ನು ಆತನ ಆಫೀಸು ಎಂದೇ ಕರೆದರು. ಬಲಗಡೆಯಿಂದ ಪಾಸು ಬರುತ್ತದೆ, ಬಂದ ಪಕ್ಕನ್ನು ನಿಲ್ಲಿಸದೆ ಆತ ಬೀಸುತ್ತಾನೆ. ಮೂವತ್ತೂ ಚಿಲ್ಲರೆ ತಂಡಗಳ ಕೋಚ್‌ಗಳು ಇಪ್ಪತ್ತು ವರ್ಷ ಇದೇ ಒಂದು ದೃಶ್ಯದ ವಿಡಿಯೊ ನೋಡಿ ತಂತ್ರ ಹೆಣೆದರು. ಆದರೂ ಪವರ್ ಪ್ಲೇಯಲ್ಲಿ ಆತ ಹೊಡೆದ ಗೋಲುಗಳು ಮುನ್ನೂರು ದಾಟಿದವು. ಅದೂ ದಾಖಲೆಯೇ. 895ನೆಯದು ಬಂದದ್ದೂ ಪವರ್ ಪ್ಲೇಯಲ್ಲಿ, ಎಡಗಡೆಯಿಂದ, ಟಾಮ್ ವಿಲ್ಸನ್ ಕೊಟ್ಟ ಪಾಸಿನಿಂದ. ನ್ಯೂಯಾರ್ಕ್ ಐಲ್ಯಾಂಡರ್ಸ್‌ನ ಇಲ್ಯಾ ಸೊರೋಕಿನ್ ಅದನ್ನು ತಡೆಯಲಾಗದೆ ನಿಂತ. ಆತ ಒವೆಚ್ಕಿನ್‌ಗೆ ಗೋಲು ತೆತ್ತ 183ನೇ ಗೋಲ್‌ಕೀಪರ್.

ಇನ್ನು ಸೋಲಿನ ಲೆಕ್ಕ. ಒವೆಚ್ಕಿನ್ ಗೋಲಿನತ್ತ ನೇರ ಗುರಿಯಿಟ್ಟು ಹೊಡೆದ ಹೊಡೆತಗಳು ಆರೂವರೆ ಸಾವಿರಕ್ಕೂ ಹೆಚ್ಚು. ಎನ್‌ಎಚ್‌ಎಲ್ ಚರಿತ್ರೆಯಲ್ಲಿ ಇಷ್ಟು ಸಲ ಯಾರೂ ಹೊಡೆದಿಲ್ಲ. ಹಿಂದಿನ ದಾಖಲೆ ರೇ ಬೋರ್ಕ್‌ನದು, 6,209. ಒವೆಚ್ಕಿನ್‌ನ ನೂರು ಹೊಡೆತದಲ್ಲಿ ಒಳಗೆ ಹೋದದ್ದು ಸುಮಾರು ಹದಿಮೂರು. ಉಳಿದ ಎಂಬತ್ತೇಳನ್ನು ಯಾರೋ ತಡೆದರು. ಹೊರಗೆ ಹಾರಿಹೋದವು, ನಡುವೆ ಅಡ್ಡ ಬಿದ್ದವನ ಮೈಗೆ ಬಡಿದವು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಚರಿತ್ರೆಯಲ್ಲೇ ಅತಿ ಹೆಚ್ಚು ಗೋಲು ಹೊಡೆದವನು, ಚರಿತ್ರೆಯಲ್ಲೇ ಅತಿ ಹೆಚ್ಚು ಸಲ ಗೋಲ್‌ಕೀಪರನ ಪ್ಯಾಡಿಗೆ ಹೊಡೆದು ತಲೆ ಕೊಡವಿಕೊಂಡವನೂ ಆಗಿರಬೇಕಾಗುತ್ತದೆ. ನಮ್ಮ ಅನಿಲ್ ಕುಂಬ್ಳೆ 619 ಟೆಸ್ಟ್ ವಿಕೆಟ್ ಪಡೆಯಲು ಹಾಕಿದ ಚೆಂಡುಗಳು 40,850. ವಿಕೆಟ್ ಸಿಗದ ನಲವತ್ತು ಸಾವಿರ ಚೆಂಡುಗಳಿಗೆ ಚಪ್ಪಾಳೆ ತಟ್ಟಿದವರು ಕಡಿಮೆ. ಅವನ್ನು ಹಾಕದೆ 619 ಆಗುವಂತಿರಲಿಲ್ಲ.

2010ರಲ್ಲಿ ಕ್ಯಾಪಿಟಲ್ಸ್ ಲೀಗ್ ಹಂತದಲ್ಲಿ 121 ಅಂಕ ಗಳಿಸಿ ಎಲ್ಲರಿಗಿಂತ ಮುಂದಿತ್ತು. ಪ್ಲೇ ಆಫ್‌ನ ಮೊದಲ ಸುತ್ತಿನಲ್ಲೇ ಮಾಂಟ್ರಿಯಲ್ ಅದನ್ನು ಮನೆಗೆ ಕಳಿಸಿತು. ಆರನೇ ಪಂದ್ಯದಲ್ಲಿ ಕ್ಯಾಪಿಟಲ್ಸ್ ಹೊಡೆತಗಳು 54. ಯಾರೊಸ್ಲಾವ್ ಹಲಾಕ್ ಎಂಬ ಗೋಲ್‌ಕೀಪರ್ ಅದರಲ್ಲಿ 53ನ್ನು ತಡೆದ.

ಒವೆಚ್ಕಿನ್ ವಾಷಿಂಗ್ಟನ್ನಿಗೆ ದಕ್ಕಿದ್ದರ ಹಿಂದೆಯೂ ಅಂಕಿಗಳ ಆಟವಿದೆ. ಒವೆಚ್ಕಿನ್ ಹುಟ್ಟಿದ್ದು ಮಾಸ್ಕೋದಲ್ಲಿ, 1985ರ ಸೆಪ್ಟೆಂಬರ್ 17ರಂದು. ತಾಯಿ ತತ್ಯಾನಾ ಸೋವಿಯತ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿ ಎರಡು ಒಲಿಂಪಿಕ್ ಚಿನ್ನ ಗೆದ್ದವಳು. ಹದಿನೆಂಟು ತುಂಬಿದ ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಸೆಪ್ಟೆಂಬರ್ 15 ಗಡುವು. ಎರಡು ದಿನ ತಡವಾಗಿ ಹುಟ್ಟಿದ ತಪ್ಪಿಗೆ 2003ರಲ್ಲಿ ಈತನಿಗೆ ಅವಕಾಶವಿರಲಿಲ್ಲ. ಫ್ಲೋರಿಡಾ ತಂಡದವರು ಮಾತ್ರ ಒಂದು ಪಟ್ಟು ಹಾಕಿದರು. ಹುಡುಗ ಕಂಡ ಅಧಿಕ ವರ್ಷಗಳ ಫೆಬ್ರವರಿ 29ನ್ನೆಲ್ಲ ಕಳೆದು ಎಣಿಸಿದರೆ ವಯಸ್ಸು ಸರಿಹೋಗುತ್ತದೆ ಎಂದು ವಾದಿಸಿದರು. ಲೀಗ್ ಒಪ್ಪಲಿಲ್ಲ. ಮರುವರ್ಷ ಮೊದಲ ಆಯ್ಕೆಗೆ ಲಾಟರಿ ಎತ್ತಿದಾಗ ಕ್ಯಾಪಿಟಲ್ಸ್‌ಗೆ ಇದ್ದ ಸಾಧ್ಯತೆ ನೂರಕ್ಕೆ 14.2. ಅದೇ ಬಂತು. 2004ರ ಜೂನ್ 26ರಂದು ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ ಒವೆಚ್ಕಿನ್ ಹೆಸರನ್ನು ಮೊದಲನೆಯದಾಗಿ ಕೂಗಿದರು.

ಕ್ಯಾಪಿಟಲ್ಸ್ ಆಗ ಹೊಗಳಿಸಿಕೊಳ್ಳುವ ತಂಡವಾಗಿರಲಿಲ್ಲ. 1974–75ರ ಮೊದಲ ವರ್ಷದಲ್ಲೇ ಅದು ಇನ್ನೊಂದು ಬಗೆಯ ದಾಖಲೆ ಮಾಡಿತ್ತು: 80 ಪಂದ್ಯ, 8 ಗೆಲುವು, 67 ಸೋಲು, 5 ಸಮ. ತಿಂದ ಗೋಲು 446. ಪರ ಊರಿನಲ್ಲಿ ಸತತ 37 ಪಂದ್ಯ ಸೋತ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಒಂದು ಗೆಲುವು ಸಿಕ್ಕಿತು. ಆ ಸಂಭ್ರಮಕ್ಕೆ ಆಟಗಾರರು ಕಸದ ಡಬ್ಬಿಯನ್ನೇ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಎಂದುಕೊಂಡು ತಲೆಯ ಮೇಲೆ ಹೊತ್ತು ಮೆರೆಸಿದರು. ನಿಜವಾದ ಸ್ಟಾನ್ಲಿ ಕಪ್ ಬಂದದ್ದು 2018ರ ಜೂನ್ 7ರಂದು, ಒವೆಚ್ಕಿನ್ ಬಂದು ಹದಿಮೂರನೇ ಋತುವಿನಲ್ಲಿ, ತಂಡ ಹುಟ್ಟಿ ನಲವತ್ತನಾಲ್ಕು ವರ್ಷಕ್ಕೆ.

ವಾಷಿಂಗ್ಟನ್, ಕ್ಯಾರೊಲಿನಾ, ಅಟ್ಲಾಂಟಾ ಮೂರೂ ಒಂದು ಕಾಲಕ್ಕೆ ಸೌತ್‌ಈಸ್ಟ್ ಡಿವಿಷನ್ ಎಂಬ ಒಂದೇ ಗುಂಪಿನಲ್ಲಿದ್ದವು. ಒವೆಚ್ಕಿನ್‌ನ ಆರಂಭದ ವರ್ಷಗಳಲ್ಲಿ ಪ್ರತಿ ಋತುವಿನಲ್ಲೂ ಪರಸ್ಪರ ಎಂಟೆಂಟು ಪಂದ್ಯ. ಈ ತಂಡಗಳದು ಕೆರೆ ಗಟ್ಟಿಯಾಗಿ ಹೆಪ್ಪುಗಟ್ಟುವುದು ಅಪರೂಪವಾದ ನಾಡು. ಇಲ್ಲಿ ಆಟ ನಡೆಯಬೇಕಾದರೆ 200 ಅಡಿ ಉದ್ದ, 85 ಅಡಿ ಅಗಲದ ನೆಲಕ್ಕೆ ಸುಮಾರು ಒಂದು ಅಂಗುಲ ದಪ್ಪದ ಮಂಜುಗಡ್ಡೆ ಹಾಸಬೇಕು. ಬೆಂಗಳೂರಿನ ಮೂವತ್ತು–ನಲವತ್ತರ ಹದಿನಾಲ್ಕು ಸೈಟು ಸೇರಿಸಿದರೆ ಎಷ್ಟೋ ಅಷ್ಟು ಜಾಗ. ಬೇಕಾಗುವ ನೀರು ಹೆಚ್ಚುಕಮ್ಮಿ ನಲವತ್ತು ಸಾವಿರ ಲೀಟರ್. ಹೊರಗೆ ಬೆವರು ಸುರಿಯುವ ಜೂನ್ ತಿಂಗಳಲ್ಲೂ ಅದು ಶೂನ್ಯಕ್ಕಿಂತ ಕೆಳಗೇ ಇರಬೇಕು. 2006ರಲ್ಲಿ ಕ್ಯಾರೊಲಿನಾ ಹರಿಕೇನ್ಸ್ ಸ್ಟಾನ್ಲಿ ಕಪ್ ಗೆದ್ದದ್ದು ರಾಲಿಯಲ್ಲಿ, ಜೂನ್ 19ರಂದು. ಕ್ಯಾಪಿಟಲ್ಸ್ ಅಭ್ಯಾಸ ಮಾಡುವ ರಿಂಕ್ ಅಂತೂ ವರ್ಜೀನಿಯಾದ ಆರ್ಲಿಂಗ್ಟನ್ನಿನಲ್ಲಿ ಒಂದು ಮಾಲ್‌ನ ಪಾರ್ಕಿಂಗ್ ಕಟ್ಟಡದ ತುದಿಯಲ್ಲಿದೆ. ಕೆಳಗಿನ ಅಂತಸ್ತುಗಳಲ್ಲಿ ಕಾರು, ಎಂಟನೇ ಅಂತಸ್ತಿನಲ್ಲಿ ಮಂಜುಗಡ್ಡೆ.

ಇಷ್ಟೆಲ್ಲ ಖರ್ಚು ಮಾಡಿದರೂ ಆಟ ಬೇರೂರುತ್ತದೆಂಬ ಭರವಸೆಯಿಲ್ಲ. ಅಟ್ಲಾಂಟಾಕ್ಕೆ ತಂಡ ಎರಡು ಸಲ ಬಂತು, ಎರಡು ಸಲವೂ ಹೋಯಿತು. 1972ರಲ್ಲಿ ಬಂದ ಫ್ಲೇಮ್ಸ್ 1980ರಲ್ಲಿ ಕ್ಯಾಲ್ಗರಿ ಸೇರಿತು. 1999ರಲ್ಲಿ ಬಂದ ಥ್ರಾಷರ್ಸ್ 2011ರಲ್ಲಿ 170 ದಶಲಕ್ಷ ಡಾಲರಿಗೆ ಮಾರಾಟವಾಗಿ ವಿನ್ನಿಪೆಗ್‌ಗೆ ಹೋಯಿತು. ಅದರ ಪ್ಲೇ ಆಫ್ ಚರಿತ್ರೆ ಒಟ್ಟು ನಾಲ್ಕು ಪಂದ್ಯ, ನಾಲ್ಕೂ ಸೋಲು.

ಆ ಥ್ರಾಷರ್ಸ್ 2001ರಲ್ಲಿ ಮೊದಲ ಆಯ್ಕೆಯಾಗಿ ತಂದಿದ್ದ ಇಲ್ಯಾ ಕೊವಾಲ್‌ಚುಕ್ ಒವೆಚ್ಕಿನ್‌ಗೆ ಎದುರು ಹಿಡಿಯಬೇಕಾದ ಕನ್ನಡಿ. ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಮೊದಲ ರಷ್ಯನ್ ಆತ, ಎರಡನೆಯವನು ಒವೆಚ್ಕಿನ್. ಅಂಥದೇ ಬಿರುಸಿನ ಹೊಡೆತ, ಅಂಥದೇ ಗೋಲಿನ ಹಸಿವು. ಕೊವಾಲ್‌ಚುಕ್ ನ್ಯೂಜೆರ್ಸಿಗೆ ಹೋದ, 2013ರಲ್ಲಿ ಕರಾರು ಮುರಿದು ರಷ್ಯಾದ ಲೀಗಿಗೆ ಮರಳಿದ, ಐದು ವರ್ಷ ಬಿಟ್ಟು ಮತ್ತೆ ಬಂದ. ಕೊನೆಗೆ 2020ರಲ್ಲಿ ವಾಷಿಂಗ್ಟನ್ನಿಗೇ ಬಂದು ಏಳು ಪಂದ್ಯ ಆಡಿದ, ಒಂದು ಗೋಲು ಹೊಡೆದ. ಎನ್‌ಎಚ್‌ಎಲ್‌ನಲ್ಲಿ ಒಟ್ಟು 926 ಪಂದ್ಯ, 443 ಗೋಲು. ಯಾರಾದರೂ ತಲೆಬಾಗುವ ಅಂಕಿ. ಆದರೂ ಒವೆಚ್ಕಿನ್‌ನ ಲೆಕ್ಕದ ಅರ್ಧ ಮುಟ್ಟಲು ಐದು ಗೋಲು ಕಡಿಮೆ.

ವಾಷಿಂಗ್ಟನ್ ತಂಡದ ಪಟ್ಟಿಯಲ್ಲಿ ನಾವು ಹುಡುಕಿ ಓದಬೇಕಾದ ಇನ್ನೊಂದು ಹೆಸರಿದೆ. ರಾಬಿನ್ ಬಾವಾ, ಕೆನಡಾದ ಡಂಕನ್ ಊರಿನ ಪಂಜಾಬಿ ಸಿಖ್ ಕುಟುಂಬದವನು. 1989–90ರಲ್ಲಿ ಕ್ಯಾಪಿಟಲ್ಸ್ ಪರ ಆಡಿ ಎನ್‌ಎಚ್‌ಎಲ್ ತಲುಪಿದ ಮೊದಲ ಭಾರತೀಯ ಮೂಲದ ಆಟಗಾರನಾದ. ವಾಷಿಂಗ್ಟನ್‌ಗೆ ಆತ ಆಡಿದ್ದು ಐದು ಪಂದ್ಯ, ಹೊಡೆದದ್ದು ಒಂದು ಗೋಲು. ಆಮೇಲೆ ವ್ಯಾಂಕೂವರ್, ಸ್ಯಾನ್ ಹೋಸೆ, ಅನಾಹೈಮ್ ಸೇರಿ ಒಟ್ಟು 61 ಪಂದ್ಯ, ಆರು ಗೋಲು. ಈ 61 ಪಂದ್ಯವನ್ನು ಸಣ್ಣದೆನ್ನುವ ಮುನ್ನ ಕೆಳಗಿನ ಮೆಟ್ಟಿಲು ನೋಡಬೇಕು. ಸೌತ್ ಕ್ಯಾರೊಲಿನಾದ ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ 1993ರಿಂದ ಸ್ಟಿಂಗ್‌ರೇಸ್ ಎಂಬ ತಂಡವಿದೆ. ಎನ್‌ಎಚ್‌ಎಲ್‌ನಿಂದ ಎರಡು ಮೆಟ್ಟಿಲು ಕೆಳಗಿನ ಲೀಗು ಅದು. ವರ್ಷಕ್ಕೆ 72 ಪಂದ್ಯ, ಊರಿಂದೂರಿಗೆ ಬಸ್ಸಿನ ಪಯಣ, ವಾರದ ಲೆಕ್ಕದಲ್ಲಿ ಸಂಬಳ. ಅಲ್ಲಿದ್ದ ಬ್ರೇಡನ್ ಹೋಲ್ಟ್‌ಬಿ ಮೇಲೇರಿ 2018ರಲ್ಲಿ ಕಪ್ ಗೆದ್ದ ತಂಡದ ಗೋಲ್‌ಕೀಪರನಾದ. ಆದರೆ ಅಂಥ ಏರಿಕೆ ಅಪರೂಪ. ಆ ಬಸ್ಸು ಹತ್ತಿದವರಲ್ಲಿ ಹೆಚ್ಚಿನವರು ಎನ್‌ಎಚ್‌ಎಲ್‌ನ ಒಂದು ಪಂದ್ಯವನ್ನೂ ಆಡದೆ ಸ್ಕೇಟ್ ಕಳಚುತ್ತಾರೆ.

ಒಂದೇ ದಿನ ಈ ಆಟದ ಎರಡು ತುದಿಗಳೂ ಕಂಡದ್ದುಂಟು. 2020ರ ಫೆಬ್ರವರಿ 22ರಂದು ನ್ಯೂವಾರ್ಕ್‌ನಲ್ಲಿ ಒವೆಚ್ಕಿನ್ 700ನೇ ಗೋಲು ಹೊಡೆದ. ಅದೇ ದಿನ ಟೊರಾಂಟೊದಲ್ಲಿ ಕ್ಯಾರೊಲಿನಾ ಹರಿಕೇನ್ಸ್‌ನ ಇಬ್ಬರು ಗೋಲ್‌ಕೀಪರರೂ ಗಾಯಗೊಂಡರು. ರಿಂಕಿನ ಮಂಜುಗಡ್ಡೆ ನಯಗೊಳಿಸುವ ಯಂತ್ರ ಓಡಿಸಿಕೊಂಡಿದ್ದ, ಮೂತ್ರಪಿಂಡ ಕಸಿಯಾಗಿದ್ದ 42 ವರ್ಷದ ಡೇವಿಡ್ ಏರ್ಸ್‌ನನ್ನು ಗೋಲಿಗೆ ನಿಲ್ಲಿಸಿದರು. ಮೊದಲ ಎರಡು ಹೊಡೆತ ಒಳಗೆ ಹೋದವು. ನಂತರದ ಎಂಟನ್ನೂ ಆತ ತಡೆದ. ಹರಿಕೇನ್ಸ್ 6–3ರಿಂದ ಗೆದ್ದಿತು. ಏರ್ಸ್‌ನ ಎನ್‌ಎಚ್‌ಎಲ್ ವೃತ್ತಿಜೀವನ ಅಷ್ಟೇ, ಅರ್ಧ ಗಂಟೆಯೂ ಇಲ್ಲ.

ಹಣದ ಲೆಕ್ಕವನ್ನೂ ಮಾಡಿಬಿಡೋಣ. 2008ರಲ್ಲಿ ಕ್ಯಾಪಿಟಲ್ಸ್ ಒವೆಚ್ಕಿನ್ ಜೊತೆ 13 ವರ್ಷಕ್ಕೆ 124 ದಶಲಕ್ಷ ಡಾಲರಿನ ಕರಾರು ಮಾಡಿಕೊಂಡಿತು. 2021ರಲ್ಲಿ ಇನ್ನೈದು ವರ್ಷಕ್ಕೆ 47.5 ದಶಲಕ್ಷ. 2025ರವರೆಗಿನ ಹದಿನೇಳು ಋತುಗಳಿಗೆ ಕಾಗದದ ಮೇಲೆ 162 ದಶಲಕ್ಷ. ಆ ಅವಧಿಯ ಗೋಲು 734. ಒಂದೊಂದಕ್ಕೆ ಸುಮಾರು 2.2 ಲಕ್ಷ ಡಾಲರ್. ದುಬಾರಿ ಎನಿಸಿದರೆ, ಅದಕ್ಕಿಂತ ಮೊದಲಿನ ಮೂರು ವರ್ಷದಲ್ಲಿ, ಹೊಸಬನಿಗೆ ಮಿತಿಯಿದ್ದ ಸಂಬಳಕ್ಕೆ, ಆತ 163 ಗೋಲು ಹೊಡೆದಿದ್ದನೆಂಬುದು ನೆನಪಿರಲಿ.

ಇನ್ನೂ ಒಂದು ಲೆಕ್ಕ ಬಾಕಿಯಿದೆ: ಆಡದೆ ಹೋದ ಪಂದ್ಯಗಳದು. ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಗಳವಾಗಿ 2004–05ರ ಋತು ಪೂರ್ತಿ ರದ್ದಾಯಿತು, 82 ಪಂದ್ಯ ಹೋಯಿತು. ಅಂಥದೇ ಜಗಳದಲ್ಲಿ 2012–13ರಲ್ಲಿ 34. ಕೋವಿಡ್ ಕಾಲದ ಎರಡು ಋತುಗಳಲ್ಲಿ 39. ಒಟ್ಟು 155. ಆತನ ಸರಾಸರಿಯಂತೆ ಹಿಡಿದರೆ ತೊಂಬತ್ತಕ್ಕೂ ಹೆಚ್ಚು ಗೋಲು ಹುಟ್ಟುವ ಮೊದಲೇ ಹೋದವು.

ಗ್ರೆಟ್ಸ್‌ಕಿಯನ್ನು ಇದರಿಂದ ಅಳೆಯಲು ಹೊರಡುವುದು ತಪ್ಪು. ಆತ ತಾನು ಹೊಡೆದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಗೋಲುಗಳನ್ನು ಪಾಸು ಕೊಟ್ಟು ಹೊಡೆಸಿದವನು, 1,963. ಗೋಲೂ ಪಾಸೂ ಸೇರಿ 2,857 ಅಂಕ. ಅದರ ಹತ್ತಿರಕ್ಕೆ ಒವೆಚ್ಕಿನ್ ಇರಲಿ, ಯಾರೂ ಸುಳಿದಿಲ್ಲ. ಆದರೆ 1981–82ರಲ್ಲಿ ಗ್ರೆಟ್ಸ್‌ಕಿ 92 ಗೋಲು ಹೊಡೆದಾಗ ಲೀಗಿನ ಒಂದು ಪಂದ್ಯದಲ್ಲಿ ಸರಾಸರಿ ಎಂಟು ಗೋಲು ಬೀಳುತ್ತಿದ್ದವು. ಒವೆಚ್ಕಿನ್ ಕಾಲದಲ್ಲಿ ಅದು ಆರರ ಆಸುಪಾಸಿಗೆ ಇಳಿದಿತ್ತು. ಕಾಕತಾಳೀಯವೆಂದರೆ ಇಬ್ಬರ ಪಂದ್ಯಗಳ ಸಂಖ್ಯೆ: ಗ್ರೆಟ್ಸ್‌ಕಿ 894 ಗೋಲಿಗೆ ಮುಗಿಸಿದ್ದು 1,487 ಪಂದ್ಯದಲ್ಲಿ. ಒವೆಚ್ಕಿನ್ 895 ಹೊಡೆದದ್ದೂ ತನ್ನ 1,487ನೇ ಪಂದ್ಯದಲ್ಲೇ.

ಆ ದಾಖಲೆಯ ಋತುವಿನಲ್ಲಿ, 2024ರ ನವೆಂಬರ್‌ನಲ್ಲಿ, ಆತನ ಎಡಗಾಲಿನ ಮೂಳೆ ಮುರಿದಿತ್ತು. ತಪ್ಪಿದ್ದು 16 ಪಂದ್ಯ. ಮೈಗೆ ಮೈ ಬಡಿದು ಆಡುವ ಆಟದಲ್ಲಿ ಇಪ್ಪತ್ತು ವರ್ಷಕ್ಕೆ ಗಾಯದಿಂದಾದ ಅತಿ ದೀರ್ಘ ಗೈರುಹಾಜರಿ ಅಷ್ಟೇ. ಡಿಸೆಂಬರ್ 28ರಂದು ಮರಳಿದವನು ಅದೇ ಪಂದ್ಯದಲ್ಲಿ ಗೋಲು ಹೊಡೆದ. ಆತನಿಗಿಂತ ಚುರುಕಾಗಿ ಸ್ಕೇಟ್ ಮಾಡುವವರು, ಕೈಚಳಕದಲ್ಲಿ ಮಿಗಿಲಾದವರು ಅನೇಕರು ಬಂದುಹೋದರು. ಅವರಲ್ಲಿ ಯಾರೂ ಇಷ್ಟು ವರ್ಷ, ಒಂದೇ ಊರಿನಲ್ಲಿ, ಒಂದೇ ಜಾಗದಲ್ಲಿ ನಿಂತು, ತಡೆಸಿಕೊಳ್ಳಲು ನಾಚದೆ ಹೊಡೆಯುತ್ತ ಹೋಗಲಿಲ್ಲ. 895 ಎಂಬುದು ಪ್ರತಿಭೆಗಿಂತ ಹೆಚ್ಚಾಗಿ ಹಾಜರಿಯ ದಾಖಲೆ.

2025ರ ನವೆಂಬರ್ 5ರಂದು ಆ ಸಂಖ್ಯೆ 900 ಆಯಿತು. ಈ ಮೊತ್ತವನ್ನು ಮುಟ್ಟಬೇಕೆನ್ನುವ ಹುಡುಗ ವರ್ಷಕ್ಕೆ 45ರಂತೆ ಇಪ್ಪತ್ತು ವರ್ಷ ಗೋಲು ಹೊಡೆಯಬೇಕು. 2024–25ರ ಋತುವಿನಲ್ಲಿ 32 ತಂಡಗಳ ಆಟಗಾರರೆಲ್ಲರ ಪೈಕಿ 45 ಮುಟ್ಟಿದವರು ಇಬ್ಬರೇ. ಕಾಲು ಮುರಿದುಕೊಂಡಿದ್ದ, ಮೂವತ್ತೊಂಬತ್ತರ ಒವೆಚ್ಕಿನ್‌ಗೆ ತಪ್ಪಿದ್ದು ಒಂದು ಗೋಲು.